ಯಾರ ಕಡೆಯೂ ಅಲ್ಲದವನು

"ಮೈಕ್ ಯಾಕ್ರೀ ಆಫ್ ಮಾಡಿದ್ರಿ?" ವ್ಯಾನಿನ ಕಿಟಕಿಯಿಂದ ತಲೆ ಒಳಗೆಳೆದುಕೊಂಡು ಅವಳು ಕೇಳಿದಳು. ಮುಖ ಕೆಂಪೇರಿತ್ತು.

"ಮೂರನೇ ಮಹಡಿ ಅಜ್ಜಿ ಜೊತೆ ಜಗಳ ಆಡೋಕೆ ಮೈಕ್ ಬೇಕಾ?" ಎಂದ ವ್ಯಾನ್ ಓಡಿಸುವವನು. "ಇಡೀ ಬೀದಿ ಬಾಲ್ಕನಿಗೆ ಬಂದಿದೆ, ನೋಡಿ."

ಬಂದಿತ್ತು, ನಿಜ. ಬಡಾವಣೆಯ ಹೆರಿಗೆ ಆಸ್ಪತ್ರೆ ಮುಚ್ಚಬಾರದು, ಅದಕ್ಕೆಂದೇ ಚುನಾವಣೆಗೆ ನಿಂತ ನಮ್ಮ ನರ್ಸಮ್ಮನಿಗೇ ಮತ ಕೊಡಿ ಎಂದು ಹೇಳಿ ಅವಳು ಮುಂದೆ ಹೋಗಬೇಕಿತ್ತು, ಅಷ್ಟೇ. ಆದರೆ ಅಜ್ಜಿ ಮೇಲಿನಿಂದ "ನೀನು ಯಾವ ದೇಶದವಳಮ್ಮ? ನಮ್ಮ ಆಸ್ಪತ್ರೆ ಉಸಾಬರಿ ನಿನಗ್ಯಾಕೆ?" ಎಂದದ್ದೇ ತಡ, ಇವಳಿಗೆ ಎಲ್ಲಿತ್ತೋ ರೋಷ, ಮೈಕಿನಲ್ಲೇ ಉತ್ತರ ಕೊಟ್ಟುಬಿಟ್ಟಿದ್ದಳು.

ಈ ದೇಶಕ್ಕೆ ಅವಳು ಬಂದದ್ದು ಭಾಷೆ ಕಲಿಯಲು. ಆದರೆ ಪುಸ್ತಕದ ಮುಂದೆ ಕೂತು ಕಲಿಯುವ ಜೀವ ಅಲ್ಲ ಅವಳದು. ಊರಲ್ಲಿ ಅವಳನ್ನು ಸಾಕಿದ ಚಿಕ್ಕಮ್ಮ ಪುರಸಭೆಗೆ ಎರಡು ಸಲ ನಿಂತು ಎರಡು ಸಲವೂ ಸೋತವಳು. ಆ ಚಿಕ್ಕಮ್ಮನ ಸೆರಗು ಹಿಡಿದೇ ಕರಪತ್ರ ಹಂಚಿ ಬೆಳೆದ ಹುಡುಗಿಗೆ ಪ್ರಚಾರ ಕಚೇರಿ ಕಂಡರೆ ಕಾಲು ತಾನಾಗಿಯೇ ಒಳಗೆ ಹೋಗುತ್ತದೆ. ಇಲ್ಲೂ ಹಾಗೇ ಆಯಿತು.

ಕಚೇರಿಯಲ್ಲಿ ಎಲ್ಲರೂ ವ್ಯಾನ್ ಓಡಿಸುವವನನ್ನು ಮೈಕಣ್ಣ ಎನ್ನುತ್ತಿದ್ದರು. ಅವಳ ಬಾಯಿಗೆ ಮಾತ್ರ ಆ 'ಅಣ್ಣ' ಯಾಕೋ ಬರಲೊಲ್ಲದು. ಅದು ಬೇರೆ ವಿಷಯ. ಅವನು ವ್ಯಾನನ್ನು ಎಲ್ಲ ಪಕ್ಷಗಳಿಗೂ ಬಾಡಿಗೆಗೆ ಬಿಡುತ್ತಿದ್ದ. ಅವಳ ಮೈ ಉರಿಯುತ್ತಿದ್ದದ್ದು ಅದಕ್ಕೆ.

"ಬೆಳಿಗ್ಗೆ ಅವರು, ಸಂಜೆ ನಾವು! ಸ್ವಂತ ಅಭಿಪ್ರಾಯ ಅಂತ ಒಂದಿಲ್ವಾ ನಿಮಗೆ?"

"ಇದೆ. ಅದನ್ನ ಬಾಡಿಗೆಗೆ ಬಿಡಲ್ಲ."

ಕೋಪ ಬರಬೇಕಿತ್ತು, ನಗು ಬಂತು.

ಬೀದಿಯಲ್ಲಿ ಮಾತಾಡುವುದನ್ನು ಅವನೇ ಹೇಳಿಕೊಟ್ಟ. "ನಾಲ್ಕು ಮಾತು ಹೇಳಿ, ನಿಲ್ಲಿಸಿ. ಅದು ಗೋಡೆಗೆ ಬಡಿದು ವಾಪಸ್ ಬಂದಮೇಲೆ ಮುಂದಿನದು. ಇಲ್ಲಾಂದ್ರೆ ಒಂದರ ಮೇಲೊಂದು ಬಿದ್ದು ಬರೀ ಗದ್ದಲ." ಬಾಯಿಬಡುಕಿ ಎಂದು ಮನೆಯಲ್ಲಿ ಹೆಸರು ತೆಗೆದುಕೊಂಡವಳಿಗೆ ನಿಲ್ಲಿಸುವುದೇ ಶಿಕ್ಷೆ. ಆ ಗ್ಯಾಪಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದೆ ಅವನನ್ನು ನೋಡಿದಳು. ಕನ್ನಡಿಯಲ್ಲಿ ಅವನ ಕಣ್ಣೂ ಇತ್ತ ಕಡೆಗೇ ಇತ್ತು. ಸಿಕ್ಕಿಬಿದ್ದವನಂತೆ ಅವನು ಸರಿಯಾಗಿಯೇ ಇದ್ದ ವಾಲ್ಯೂಮನ್ನು ಮತ್ತೆ ತಿರುವಿದ.

ಜಗಳದ ಮರುದಿನ ಅಜ್ಜಿಯ ಕಟ್ಟಡದ ಮುಂದೆ ಅವನೇ ವ್ಯಾನ್ ನಿಲ್ಲಿಸಿದ. "ಹತ್ತಿ ಹೋಗಿ ಮಾತಾಡೋಣ, ಮೈಕ್ ಇಲ್ದೆ." ಅಜ್ಜಿ ಬಾಗಿಲು ಅರ್ಧ ತೆಗೆದು, ಅವಳನ್ನೂ ಅವನನ್ನೂ ಅಳೆದು ನೋಡಿ ಕೇಳಿದರು, "ಇವನು ನಿನ್ನ ಗಂಡನಾ?"

"ಅಯ್ಯೋ ಇಲ್ಲಜ್ಜಿ, ಮೈಕು!"

ವಾಪಸ್ ಬರುವಾಗ ಮೂರೂ ಮಹಡಿ ಇಳಿಯುವ ತನಕ ಅವನು ನಗುತ್ತಲೇ ಇದ್ದ. ಆ ನಗು ಕೇಳುತ್ತ ಅವಳು ಬೇಕೆಂದೇ ನಿಧಾನವಾಗಿ ಇಳಿದಳು. ಅಜ್ಜಿ ವೋಟು ಹಾಕುತ್ತೇನೆಂದು ಒಪ್ಪಿದ್ದು ಅವಳಿಗೆ ನೆನಪಾದದ್ದು ವ್ಯಾನಿನಲ್ಲಿ ಕೂತ ಮೇಲೆ.

ಆ ವಾರವೇ ಚಿಕ್ಕಮ್ಮನ ಫೋನು ಬಂತು. "ಮತ್ತೆ ನಿಂತಿದ್ದೀನಿ ಕಣೇ. ಇದೇ ಕೊನೆ ಸಲ. ಪರೀಕ್ಷೆ ಮುಗೀತಲ್ಲ, ಬಂದುಬಿಡು. ನೀನಿದ್ರೆ ನನಗೆ ಆನೆಬಲ." ಊರಿನ ಚುನಾವಣೆ ಇಲ್ಲಿಯದು ಮುಗಿದ ಒಂದು ವಾರಕ್ಕೆ. ಹೋಗಲೇಬೇಕು. ಹೋದರೆ ವಾಪಸ್ ಬರಲು ಅವಳಿಗೆ ಇಲ್ಲಿ ಕಾರಣವೇ ಉಳಿದಿರಲಿಲ್ಲ, ಒಬ್ಬನನ್ನು ಬಿಟ್ಟು. ಆ ಒಬ್ಬ ಬಾಯಿ ಬಿಡಬೇಕಲ್ಲ!

ಕೇಬಲ್ ಸುತ್ತುತ್ತಿದ್ದವನ ಮುಂದೆ ನಿಂತು ಹೇಳಿದಳು. ಅವನ ಕೈ ಒಂದು ಗಳಿಗೆ ನಿಂತು ಮತ್ತೆ ಸುತ್ತತೊಡಗಿತು.

"ನಿಮ್ಮಿಷ್ಟ," ಎಂದ.

"ನನ್ನಿಷ್ಟ ನನಗೆ ಗೊತ್ತು. ನಿಮ್ಮದು ಕೇಳ್ತಿದ್ದೀನಿ."

"ಚಿಕ್ಕಮ್ಮ ಸಾಕಿದವರು. ಅದರ ಮಧ್ಯೆ ಬರೋಕೆ ನಾನ್ಯಾರು?"

"ಇದರಲ್ಲೂ ಯಾರ ಕಡೇನೂ ಅಲ್ವಾ ನೀವು?" ಅಷ್ಟು ಸಿಟ್ಟು, ಅಷ್ಟು ಆಸೆ ಒಟ್ಟಿಗೆ ಅವಳಿಗೆ ಎಂದೂ ಬಂದಿರಲಿಲ್ಲ. ಉತ್ತರಕ್ಕೆ ಕಾಯದೆ ಹೊರಟುಹೋದಳು.

ಹೊರಡುವ ದಿನ ರೈಲು ನಿಲ್ದಾಣಕ್ಕೆ ಬಿಡಲು ಅವನೇ ಬಂದ. ಅವನು ಸೂಟ್‌ಕೇಸನ್ನು ಪ್ಲಾಟ್‌ಫಾರ್ಮಿಗೆ ತಂದ, ಕೆಳಗಿಡಲೇ ಇಲ್ಲ.

"ಕೊಡಿ."

"ಹೋಗಬೇಡ," ಎಂದ ಅವನು. ಏಕವಚನಕ್ಕೆ ತಾನೇ ಬೆಚ್ಚಿದ. "ಹೇಳಬಾರದು ಅಂತಲೇ ಇದ್ದೆ. ತಪ್ಪು ಅಂತಾನೂ ಗೊತ್ತು. ಆದರೂ ಹೋಗಬೇಡ. ನೀನಿಲ್ಲದೆ ಆ ವ್ಯಾನಿನಲ್ಲಿ ಕೂರೋಕಾಗಲ್ಲ ನನ್ನ ಕೈಲಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಇಷ್ಟು ಹೇಳೋಕೆ ರೈಲು ನಿಲ್ದಾಣಕ್ಕೇ ಬರಬೇಕಾಯ್ತಾ, ಮಹಾರಾಯ?"

"ಹಾಗಾದ್ರೆ ಹೋಗಲ್ವಾ?"

"ಹೋಗ್ತೀನಿ. ಚಿಕ್ಕಮ್ಮ ಗೆಲ್ಲಬೇಕು. ಆದ್ರೆ ಈಗ ಹೊಟ್ಟೆ ತಣ್ಣಗಾಯ್ತು."

ಅವನು ಸೂಟ್‌ಕೇಸ್ ಕೆಳಗಿಟ್ಟ, ಅವಳ ಕೈ ಹಿಡಿದ.

"ಚಿಕ್ಕಮ್ಮಂಗೆ ಮೈಕಿನವರು ಸಿಕ್ಕಿದ್ದಾರಾ?"

"ಒಬ್ಬ ಇದ್ದಾನಂತೆ. ಎದುರಾಳಿಗೂ ಅವನೇ."

"ಛೇ, ಅಂಥವರನ್ನ ನಂಬಬಾರದು," ಎಂದ ಅವನು ಬಲು ಗಂಭೀರವಾಗಿ. "ಇಲ್ಲಿ ಮತದಾನ ಮುಗಿದ ಮರುದಿನವೇ ಹೊರಡ್ತೀನಿ. ಬರಲಾ?"

ಅವಳು ಅವನ ಕೈ ಬಿಡದೆ, ಇನ್ನೊಂದು ಕೈಯಲ್ಲಿ ಊರಿಗೆ ಫೋನು ಹಚ್ಚಿದಳು.

"ಚಿಕ್ಕಮ್ಮ, ಹೊರಟೆ. ನನ್ನ ಹಿಂದೆ ಇನ್ನೊಬ್ಬರು ಬರ್ತಾರೆ."

"ಯಾರೇ ಅದು? ನಮ್ಮ ವಾರ್ಡಲ್ಲಿ ವೋಟಿದೆಯಾ?"

"ಇಲ್ಲ."

"ನಮ್ಮ ಭಾಷೆಯಾದರೂ ಬರುತ್ತಾ?"

"ಒಂದಕ್ಷರ ಬರಲ್ಲ."

"ಮತ್ತೆ ಅವರು ಯಾಕೆ ಬೇಕು?"

ರೈಲು ಬರುತ್ತಿತ್ತು. ಅವಳು ಅವನ ಮುಖವನ್ನೇ ನೋಡುತ್ತ, ಆ ಸದ್ದಿನಲ್ಲೂ ಕೇಳುವಂತೆ ಜೋರಾಗಿ ಹೇಳಿದಳು.

"ನನಗೆ ಬೇಕು ಚಿಕ್ಕಮ್ಮ!"