ರೇಡಿಯೇಟರಿನ ನೀಲಿ ಹೆಪ್ಪು

"ಹರ್ಷವರ್ಧನ! ಹೊರಗೆ ಬಾ!"

ಸೋಮವಾರ ಬೆಳಗ್ಗೆ ಬಣಕಲ್‌ನ ಗ್ಯಾರೇಜಿನ ಮುಂದೆ ದೀಪಶ್ರೀ ಕೂಗಿದ ಕೂಗಿಗೆ ಬಸ್ಸು ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವಳ ಹಿಂದೆ ಎಸ್ಟೇಟ್ ಜೀಪು, ಅದರ ಹಿಂದೆ ಹಗ್ಗ ಕಟ್ಟಿ ಎಳೆದು ತಂದ ಅವಳ ಕೆಂಪು ಕಾರು.

ಗೋಣಿಬೀಡಿನ ಪ್ಲಾಂಟರ್ ರುದ್ರಪ್ಪನವರ ಮಗಳು ಇವಳು. ಹಳೆಯ ಕಾರಿಗೆ ಟರ್ಬೊ ಕೂರಿಸಿ, ಟ್ಯೂನ್ ಮಾಡಿಸಿ ರೇಸಿಗೆ ಇಳಿಯುವವಳು. ಸಿಟ್ಟು ಸದಾ ಮೂಗಿನ ತುದಿಯಲ್ಲೇ! ಇವತ್ತಂತೂ ಎದುರಿಗೆ ಸಿಕ್ಕವರ ಗತಿ ಮುಗಿಯಿತೆಂದೇ ಲೆಕ್ಕ.

ಗ್ಯಾರೇಜಿನ ಮೆಕ್ಯಾನಿಕ್ ಹರ್ಷ ಕೈ ಒರೆಸಿಕೊಳ್ಳುತ್ತ ಬಂದ. ಮುಖ ಬಿಗಿದಿತ್ತು.

"ಏನ್ರೀ ಮೇಡಂ, ನಿನ್ನೆ ಗ್ರೂಪಲ್ಲಿ ಕಳ್ಳ ಅಂದಿದ್ದು ಸಾಕಾಗ್ಲಿಲ್ವಾ?"

"ಸಾಕಾಗ್ಲಿಲ್ಲ! ರೇಸಿನ ಮೂರನೇ ಸುತ್ತಲ್ಲೇ ಗಾಡಿ ಕುದ್ದು ನಿಂತೋಯ್ತು. ಎಲ್ಲರ ಎದುರಿಗೆ ನನ್ನ ಮಾನ ಹೋಯ್ತು. ಹಳೇ ರೇಡಿಯೇಟರ್‌ಗೆ ಪೇಂಟ್ ಹೊಡೆದು ಹೊಸದು ಅಂತ ಹಾಕಿದೀಯಲ್ಲ, ನಾಚಿಕೆ ಆಗಲ್ವಾ ನಿಂಗೆ?"

ಇದನ್ನೇ ಅವಳು ನಿನ್ನೆ ರೇಸಿನವರ ವಾಟ್ಸಾಪ್ ಗುಂಪಿನಲ್ಲಿ ಹೇಳಿದ್ದಳು. ಬೆಳಗಾಗುವಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ತಮ್ಮ ಗಾಡಿ ವಾಪಸ್ ತೆಗೆದುಕೊಂಡು ಹೋಗಿದ್ದರು. ಅವನು ಆರು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಒಂದೇ ಮಾತಿಗೆ ಮಣ್ಣುಪಾಲು!

ಮೂರು ತಿಂಗಳ ಹಿಂದೆ ದೀಪಶ್ರೀ ಮೊದಲ ಸಲ ಬಂದಾಗಲೂ ಅವಳೂ ಹರ್ಷನೂ ಜಗಳವಾಡಿದ್ದರು. "ಪವರ್ ಹೆಚ್ಚಿಸ್ಕೊಂಡ್ರಿ ಸರಿ, ಆ ಬಿಸಿ ಹೊರಗೆ ಹೋಗೋದು ಬೇಡ್ವಾ?" ಎಂದು ಅವನು ರೇಗಿದ್ದ. ಆಮೇಲೆ ದಪ್ಪ ಅಲ್ಯೂಮಿನಿಯಂ ರೇಡಿಯೇಟರ್, ಆಯಿಲ್ ಕೂಲರ್, ಜೋಡಿ ಫ್ಯಾನ್ ಎಲ್ಲ ಹಾಕಿದ. ಪರೀಕ್ಷೆಗೆಂದು ಇಬ್ಬರೂ ಎಷ್ಟೋ ಸಲ ಚಾರ್ಮಾಡಿ ಘಾಟಿ ಹತ್ತಿ ಇಳಿದರು. ಅವನ ಕಣ್ಣು ಟೆಂಪರೇಚರ್ ಮುಳ್ಳಿನ ಮೇಲೆ. ಅವಳ ಕಣ್ಣು... ರಸ್ತೆಯ ಮೇಲಂತೂ ಪೂರ್ತಿ ಇರಲಿಲ್ಲ ಬಿಡಿ.

"ಇಲ್ಲೇ ಬಿಚ್ಚು. ನನ್ನ ಎದುರಿಗೇ ಬಿಚ್ಚು!" ಎಂದಳು.

ಅವನು ಮುಂದಿನ ಬಂಪರ್ ಬಿಚ್ಚಿದ. ರೇಡಿಯೇಟರ್ ಎಳೆದು ಬಿಸಿಲಿಗೆ ಹಿಡಿದ.

ದೀಪಶ್ರೀ ಬಗ್ಗಿ ನೋಡಿದಳು.

ಗಾಳಿ ಆಡಬೇಕಾದ ಸಂದುಗಳಲ್ಲೆಲ್ಲ ತಿಳಿ ನೀಲಿ ಹೆಪ್ಪು. ಒಂದು ಮೂಲೆಯಲ್ಲಿ ಲೋಹ ತಿಂದುಹೋಗಿ ಸೂಜಿಮೊನೆಯಷ್ಟು ತೂತು.

"ಗಾಡಿ ಎಲ್ಲಿ ತೊಳೀತಿದ್ರಿ?"

"ತೋಟದಲ್ಲಿ... ಪವರ್ ಸ್ಪ್ರೇಯರಲ್ಲಿ."

"ನೀರು ಯಾವ ಡ್ರಮ್ಮಿಂದು?"

ಅವಳಿಗೆ ಆಗ ನೆನಪಾಯಿತು. ಮಳೆಗೆ ಮೊದಲು ಕಾಫಿ ಗಿಡಗಳಿಗೆ ಕೊಳೆರೋಗದ ಬೋರ್ಡೋ ಔಷಧಿ ಹೊಡೆಯಲು ಮೈಲುತುತ್ತ, ಸುಣ್ಣ ಕಲಸಿದ ಡ್ರಮ್ಮು! ತಳದಲ್ಲಿ ಉಳಿದದ್ದರ ಮೇಲೆಯೇ ನೀರು ತುಂಬಿಸಿ ಪ್ರಾಕ್ಟೀಸ್ ಮುಗಿದಾಗಲೆಲ್ಲ ಕೆಸರು ತೊಳೆದಿದ್ದಳು. 'ಡ್ರಮ್ ತೊಳ್ಕೊಡ್ತೀನಿ ಇರಿ ಅಕ್ಕೋರೆ' ಎಂದ ಮೇಸ್ತ್ರಿ ಕೆಂಪಯ್ಯನನ್ನೂ ಗದರಿ ಕಳಿಸಿದ್ದಳು.

"ಅಲ್ಯೂಮಿನಿಯಂಗೂ ಮೈಲುತುತ್ತಕ್ಕೂ ಆಗ್ಬರಲ್ಲ," ಎಂದ ಹರ್ಷ. "ಒಂದು ಫೋನ್ ಮಾಡಿ ಕೇಳ್ಬಹುದಿತ್ತು ನೀವು. ಕೇಳ್ಲಿಲ್ಲ. ಗಾಡಿ ತಗೊಂಡ್ಹೋಗಿ. ಇನ್ನು ಈ ಕಡೆ ಬರ್ಬೇಡಿ."

'ಬರ್ಬೇಡಿ' ಎಂದುಬಿಟ್ಟನಲ್ಲ! ರೇಸು ಸೋತಾಗ ಬಾರದ ಅಳು ಈಗ ಬಂತು. ಇವನನ್ನು ಕಳೆದುಕೊಂಡರೆ ಈ ಕಾರು ಓಡಿದರೇನು, ನಿಂತರೇನು?

ಅವಳು ಫೋನ್ ತೆಗೆದು ಅವನ ಎದುರಿಗೇ ಅದೇ ವಾಟ್ಸಾಪ್ ಗುಂಪಿಗೆ ವಾಯ್ಸ್ ಮೆಸೇಜ್ ಕಳಿಸಿದಳು.

"ನಾನು ದೀಪಶ್ರೀ. ಹರ್ಷನ ಕೆಲಸದಲ್ಲಿ ಏನೂ ತಪ್ಪಿಲ್ಲ. ಬೋರ್ಡೋ ಡ್ರಮ್ಮಿನ ನೀರಲ್ಲಿ ಗಾಡಿ ತೊಳೆದು ರೇಡಿಯೇಟರ್ ಹಾಳು ಮಾಡಿದ್ದು ನಾನು. ಅವನನ್ನ ಕಳ್ಳ ಅಂದಿದ್ದು ನನ್ನ ದುರಹಂಕಾರ. ಎಲ್ಲರೂ ಕೇಳ್ಕೊಳ್ಳಿ."

"ಆಯ್ತಲ್ಲ, ಇನ್ನು ಹೊರಡಿ," ಎಂದ ಅವನು ಮುಖ ತಿರುಗಿಸಿ.

"ಹೋಗಲ್ಲ!"

"ಯಾಕೆ?"

"ಯಾಕೆ ಅಂತ ಕೇಳ್ತೀಯಲ್ಲ, ಬುದ್ಧಿ ಇದೆಯಾ ನಿಂಗೆ? ಬೇರೆ ಮೆಕ್ಯಾನಿಕ್ ಮೋಸ ಮಾಡಿದ್ರೆ ಬೈದು ಮರೆತುಬಿಡ್ತಿದ್ದೆ. ನೀನು ಮೋಸ ಮಾಡಿದೆ ಅಂದ್ಕೊಂಡಾಗ ತಡ್ಕೊಳ್ಳೋಕೇ ಆಗ್ಲಿಲ್ಲ. ಪ್ರೀತಿ ಮಾಡಿದೀನಿ ಕಣೋ ನಿನ್ನ!"

ಹರ್ಷ ಕೈಯಲ್ಲಿದ್ದ ಸ್ಪ್ಯಾನರ್ ಅನ್ನು ನೆಲಕ್ಕೆ ಎಸೆದ.

"ಮತ್ತೆ ನಂಗೆ? ಬೇರೆ ಯಾರೇ ಕಳ್ಳ ಅಂದಿದ್ರೂ ನಕ್ಕು ಸುಮ್ಮನಾಗ್ತಿದ್ದೆ. ನಿನ್ನ ಬಾಯಲ್ಲಿ ಕೇಳಿ ಊಟ ಸೇರ್ಲಿಲ್ಲ ನಂಗೆ, ಗೊತ್ತಾ?"

ಮೂರು ತಿಂಗಳಲ್ಲಿ ಮೊದಲ ಸಲ ಅವನು ಅವಳನ್ನು 'ನೀನು' ಎಂದಿದ್ದ. ಅವಳ ಕಣ್ಣೀರು ಕೆನ್ನೆಗಿಳಿಯಿತು. ಒರೆಸಲು ಹೋದ ಅವನ ಬೆರಳಿನ ಗ್ರೀಸ್ ಅವಳ ಕೆನ್ನೆಗೆ ಮೆತ್ತಿತು. ಬಸ್‌ಸ್ಟಾಪಿನವರು ಬಸ್ಸು ಬಂದರೂ ಹತ್ತಲಿಲ್ಲ!

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ," ಎಂದ ಅವನು ಮೆಲ್ಲಗೆ.

"ಇಳಿಯೋವರೆಗೂ ಇಲ್ಲೇ ಇರ್ತೀನಿ."

"ಹಾಗಾದ್ರೆ ಇಳಿಯೋದೇ ಬೇಡ, ಮಾರಾಯ್ತಿ."