ತಿರುಮಲಮ್ಮನ ತೋಳಪಟ್ಟಿ

"ಯಾರ್ರೀ ನೀವು? ಮೊದ್ಲು ನಮ್ಮಜ್ಜಿ ಕೈ ಬಿಡಿ!"

ಬಾಗಿಲಲ್ಲೇ ನಿಂತು ಕೂಗಿದಳು ಸಂಹಿತಾ. ಅಜ್ಜಿ ತಿರುಮಲಮ್ಮನ ತೋಳಿಗೆ ಕಪ್ಪು ಪಟ್ಟಿ ಕಟ್ಟುತ್ತಿದ್ದ ಯುವಕ ಬೆಚ್ಚಿ ಎದ್ದ.

"ನಂದಕಿಶೋರ್ ಅಂತ. ಕಾಲೇಜಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ಪಕ್ಕದ ಬೀದಿಗೆ ಹೊಸದಾಗಿ ಬಂದಿದೀನಿ. ಇದು ಸೆನ್ಸರ್... ನಾಡಿ ಏರುಪೇರಾದ್ರೆ ವೈರಿಲ್ಲದೆ ಮೇಜಿನ ಮೇಲಿರೋ ಆ ಡಬ್ಬಿಗೆ ತಿಳಿಸುತ್ತೆ. ಡಬ್ಬಿ ನನ್ನ ಮೊಬೈಲಿಗೂ, ಅಜ್ಜಿ ಕೊಟ್ಟ ನಿಮ್ಮ ನಂಬರಿಗೂ ಮೆಸೇಜ್ ಕಳಿಸುತ್ತೆ."

"ನಾನೇ ಒಪ್ಕೊಂಡೆ ಕಣೇ," ಎಂದರು ಅಜ್ಜಿ. "ನೀನು ಸ್ಕೂಲಿಗೆ ಹೋದ್ಮೇಲೆ ನಂಗ್ಯಾರಿದಾರೆ?"

ಆ ಮಾತು ಚುಚ್ಚಿತು. ಮುಳಬಾಗಿಲಿನ ಆ ಮನೆಯಲ್ಲಿ ಇದ್ದದ್ದು ಇವರಿಬ್ಬರೇ. ಸಂಹಿತಾ ದಿನವೂ ಶ್ರೀನಿವಾಸಪುರಕ್ಕೆ ಪಾಠ ಹೇಳಲು ಹೋಗುತ್ತಿದ್ದಳು.

ನಂದಕಿಶೋರ್ ಪಟ್ಟಿ ಪರೀಕ್ಷಿಸಲು ಆಗಾಗ ಬರತೊಡಗಿದ. ಅವನ ಬೈಕಿನ ಸದ್ದಿಗೆ ಸಂಹಿತಾಳ ಎದೆ ಯಾಕೋ ಹೊಡೆದುಕೊಳ್ಳುತ್ತಿತ್ತು...

ಒಂದು ದಿನ ಸ್ಕೂಲಲ್ಲಿದ್ದಾಗ, ಅಜ್ಜಿಯ ನಾಡಿ ಇಳಿದಿದೆ ಎಂದು ಸಂಹಿತಾಳಿಗೆ ಮೆಸೇಜ್ ಬಂತು. ಅಳುತ್ತಾ ಓಡಿ ಬಂದರೆ, ಅಜ್ಜಿ ಆರಾಮಾಗಿ ಅವರೆಕಾಳು ಹಿಸುಕುತ್ತಾ ಕೂತಿದ್ದರು!

"ಬ್ಯಾಟರಿ ಉಳೀಲಿ ಅಂತ ಪಟ್ಟಿ ನಿದ್ದೆ ಮಾಡುತ್ತೆ. ಮಧ್ಯೆ ಮಧ್ಯೆ ಎದ್ದು ನಾಡಿ ನೋಡುತ್ತೆ. ಏಳುವಾಗ ತಪ್ಪು ಲೆಕ್ಕ ಬಂದಿದೆ, ಸರಿ ಮಾಡ್ತೀನಿ..." ಎಂದ, ಮೆಸೇಜ್ ನೋಡಿ ಆಗಲೇ ಬಂದಿದ್ದ ನಂದಕಿಶೋರ್.

"ನಮ್ಮಜ್ಜಿ ನಿಮ್ಮ ಪ್ರಯೋಗಕ್ಕಿಲ್ಲ! ಇನ್ಮೇಲೆ ಬರಬೇಡಿ!"

ಅವನು ತಪ್ಪು ಸರಿಪಡಿಸಿ ಹೊರಟುಹೋದ. ಅಜ್ಜಿ ಮಾತ್ರ ಪಟ್ಟಿ ಬಿಚ್ಚಲಿಲ್ಲ.

ಕೆಲವು ವಾರಗಳ ನಂತರ, ಪಾಠದ ನಡುವೆ ಮತ್ತೆ ಮೊಬೈಲ್ ನಡುಗಿತು. 'ನಾಡಿ ಇಳಿಯುತ್ತಿದೆ.'

ಮತ್ತದೇ ಸುಳ್ಳು! ಮೊಬೈಲನ್ನು ಬ್ಯಾಗಿಗೆ ತುರುಕಿದಳು. ಆದರೂ ಮನಸ್ಸು ತಡೆಯಲಿಲ್ಲ... ಮನೆಗೆ ಫೋನ್ ಮಾಡಿದಳು. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ!

ಬಸ್ಸಿಳಿದು ಓಡಿದಳು. ಮನೆ ಬಾಗಿಲು ಮುರಿದು ಬಿದ್ದಿತ್ತು.

"ಒಳಗಿಂದ ಚಿಲಕ ಹಾಕಿತ್ತಮ್ಮ," ಎಂದರು ಪಕ್ಕದ ಮನೆ ಆದಿಲಕ್ಷ್ಮಮ್ಮ. "ಆ ಮೇಷ್ಟ್ರು ಹೆಗಲು ಕೊಟ್ಟು ಒಡೆದು, ಅಜ್ಜೀನ ಆಸ್ಪತ್ರೆಗೆ ಎತ್ಕೊಂಡು ಹೋದ್ರು!"

ಆಸ್ಪತ್ರೆಯಲ್ಲಿ ಅಜ್ಜಿ ಉಸಿರಾಡುತ್ತಿದ್ದರು. ಇನ್ನು ಭಯವಿಲ್ಲ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಹೆಗಲಿಗೆ ಬ್ಯಾಂಡೇಜ್ ಸುತ್ತಿಸಿಕೊಂಡು ನಂದಕಿಶೋರ್ ಕೂತಿದ್ದ.

"ಮೆಸೇಜ್ ಬಂದ್ರೂ ನಾನು ನಂಬಲಿಲ್ಲ..." ಎಂದು ಅತ್ತಳು ಸಂಹಿತಾ. "ಅಜ್ಜಿಗೇನಾದ್ರೂ ಆಗಿದ್ರೆ?"

"ಆಗಲಿಲ್ವಲ್ಲ. ಅಳಬೇಡಿ. ನಿಮ್ಮ ಕಣ್ಣೀರು ನೋಡೋಕಾಗಲ್ಲ ನಂಗೆ." ಅವನು ತಡವರಿಸಿದ. "ಸಂಹಿತಾ... ನನ್ನ ಮದ್ವೆ ಆಗ್ತೀರಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಜ್ಜೀನ ಬಿಟ್ಟು ನಾನೆಲ್ಲೂ ಬರಲ್ಲ."

"ನೀವ್ಯಾಕೆ ಬರ್ತೀರಾ? ನಾನೇ ಬರ್ತೀನಿ."

ಸಂಹಿತಾ ಮೆಲ್ಲಗೆ ಅವನ ಪಕ್ಕ ಕೂತಳು.

"ಯಾವಾಗ?"