ಗೋಡೆಯ ಜಾಗ

ಕಪ್ಪು ಮರಳು ಸದ್ದಿಲ್ಲದೆ ಮೇಲೇಳುತ್ತಿತ್ತು. ನೆಲದ ಮೇಲೆ ಬೆಳಕಿನ ಗೆರೆಗಳಲ್ಲಿ ಬರೆದ ಒಂದು ನಕ್ಷೆ. ಅದರೊಳಗೆ ನಾದಿಟ್ಟ ಹಿಟ್ಟು ಹುದುಗುವಂತೆ ನಿಧಾನವಾಗಿ ಉಬ್ಬಿ ಗಟ್ಟಿಯಾಗುತ್ತಿದ್ದ ಮರಳು. ಬೆಳಗಾವಿಯ ಹೊರವಲಯದಲ್ಲಿ, ಮುಚ್ಚಿಹೋದ ಎರಕದ ಕಾರ್ಖಾನೆಯೊಂದರ ಅಂಗಳದಲ್ಲಿ, ಐವತ್ತು ಜನ ಸುತ್ತ ನೆರೆದು ನೋಡುತ್ತಿದ್ದರು.

ಅದು ಮೇಲೆಳೆ ಯಂತ್ರ. ಡಾ. ವಾರಿಜಾ ಹನ್ನೆರಡು ವರ್ಷ ದುಡಿದು ರೂಪಿಸಿದ್ದು. ಅದರ ತತ್ವ ಸರಳ. ನಕ್ಷೆಯ ಗೆರೆಗಳು ಒಂದನ್ನೊಂದು ಕೂಡಿದಾಗ ನಡುವೆ ಆವೃತ ವಲಯಗಳು ಹುಟ್ಟುತ್ತವೆ. ಬೆಳಕಿನ ಲೇಖನಿಯಿಂದ ಯಾವ ವಲಯವನ್ನು ಮುಟ್ಟುತ್ತೇವೋ ಅದು ಘನವಾಗಿ ಮೇಲೇಳುತ್ತದೆ. ಮುಟ್ಟದೆ ಬಿಟ್ಟದ್ದು ಖಾಲಿಯಾಗಿಯೇ ಉಳಿಯುತ್ತದೆ. ಅಳತೆಗಳೆಲ್ಲ ಬೆಸೆದುಕೊಂಡಿರುವುದರಿಂದ ಒಂದನ್ನು ಬದಲಿಸಿದರೆ ಉಳಿದವು ತಾವಾಗಿಯೇ ಸರಿದು ಜಾಗ ಕೊಡುತ್ತವೆ. ಕಾರ್ಖಾನೆ ಬಿಟ್ಟುಹೋದ ಸುಟ್ಟ ಮರಳಿನ ಗುಡ್ಡದಿಂದಲೇ ಅಲ್ಲಿನ ಹಳೆಯ ಕಾರ್ಮಿಕರಿಗೆ ಮನೆಗಳು ಏಳಬೇಕಿತ್ತು.

ಮೊದಲ ಮನೆ ಗುರುಸಿದ್ಧವ್ವ, ನೀಲಗಂಗವ್ವ ಎಂಬ ಅಕ್ಕತಂಗಿಯರದು. ಅವರ ನಡುವೆ ಹನ್ನೊಂದು ವರ್ಷಗಳಿಂದ ಮಾತಿರಲಿಲ್ಲ. ತಾಯಿ ಪ್ರಾಣ ಬಿಟ್ಟ ಬೆಳಗಿನ ಜಾವ, ಮೂರು ದಿನ ನಿದ್ದೆಗೆಟ್ಟು ಆಗತಾನೆ ಕಣ್ಣು ಮುಚ್ಚಿದ್ದ ತಂಗಿಯನ್ನು ಅಕ್ಕ ಎಬ್ಬಿಸಿರಲಿಲ್ಲ. ನೀಲಗಂಗವ್ವ ಎದ್ದಾಗ ತಾಯಿಯ ಕೈ ತಣ್ಣಗಾಗಿತ್ತು. ಆ ದಿನದಿಂದ ಮೌನ. ಈಗ ಇಬ್ಬರಿಗೂ ಸೇರಿ ಒಂದೇ ನಿವೇಶನ ಬಂದಿತ್ತು: ಎರಡು ಕೋಣೆ, ನಡುವೆ ಒಂದು ಗೋಡೆ.

"ನಡುವಿನ ಗೋಡಿ ದಪ್ಪ ಇರ್ಲಿರೀ ಮೇಡಂ," ಎಂದಿದ್ದಳು ನೀಲಗಂಗವ್ವ. "ಅಕಿ ಕೆಮ್ಮೂದು ನನಗ ಕೇಳಬಾರದು."

"ಎಷ್ಟು ದಪ್ಪ?"

"ಆನಿ ಬಂದು ಗುದ್ದಿದ್ರೂ ನನಗ ಗೊತ್ತಾಗಬಾರದು. ಅಷ್ಟು."

ವಾರಿಜಾ ನಕ್ಕು, ಅರ್ಧ ಅಡಿಯಿದ್ದ ಅಳತೆಯನ್ನು ಎರಡು ಅಡಿ ಮಾಡಿದರು. ನಕ್ಷೆಯಲ್ಲಿ ಎರಡೂ ಕೋಣೆಗಳು ತುಸು ದೂರ ಸರಿದವು.

ವಲಯಗಳನ್ನು ಮುಟ್ಟುವ ಗೌರವ ಕಾರ್ಖಾನೆಯ ಹಿರಿಯ ಅಚ್ಚುಗಾರ ಮೌನೇಶ ಬಡಿಗೇರರಿಗೆ ಸಂದಿತ್ತು. ಅವರು ಕನ್ನಡಕ ಒರೆಸಿಕೊಂಡು ಎರಡು ವಲಯಗಳನ್ನು ಮುಟ್ಟಿದ್ದರು. ವಾರಿಜಾ ಮರಳಿನ ಶಾಖ ತೋರಿಸುವ ಪರದೆಯಲ್ಲಿ ಮುಳುಗಿದ್ದರು. ತಲೆಯೆತ್ತಿದಾಗ ಮರಳು ಮೊಣಕಾಲೆತ್ತರಕ್ಕೆ ಬಂದಿತ್ತು. ಓಡಿಹೋಗಿ ಯಂತ್ರ ನಿಲ್ಲಿಸಿದರು.

"ಬಡಿಗೇರ್ ಅವರೇ, ನೀವು ಗೋಡೆಗಳನ್ನು ಮುಟ್ಟಿಲ್ಲ. ಕೋಣೆಗಳ ಒಳಭಾಗವನ್ನೇ ಮುಟ್ಟಿದ್ದೀರಿ!"

"ಹೌದಲ್ರೀ ಮತ್ತ," ಎಂದರು ಮೌನೇಶ, ಅಚ್ಚರಿಯಿಂದ. "ಮೊದಲ ಒಳಗಿಂದು. ಗೋಡಿ ಆಮ್ಯಾಲೆ."

ವಾರಿಜಾ ಸುತ್ತ ನೋಡಿದರು. ಐವತ್ತು ಜನರಲ್ಲಿ ಒಬ್ಬರಿಗೂ ತಪ್ಪು ಕಂಡಿರಲಿಲ್ಲ. ಆಗ ಅವರಿಗೆ ಹೊಳೆಯಿತು. ಎರಕದ ಕೆಲಸದಲ್ಲಿ ಪಂಪಿನಂಥ ವಸ್ತುವಿನ ಒಳಗಿನ ಟೊಳ್ಳನ್ನು ಮೊದಲು ಮರಳಿನಲ್ಲಿ ಗಟ್ಟಿಯಾಗಿ ಮಾಡಿ ಅಚ್ಚಿನೊಳಗೆ ಇಡುತ್ತಾರೆ; ಸುತ್ತಲೂ ಕರಗಿದ ಕಬ್ಬಿಣ ಸುರಿದು, ಆರಿದ ಮೇಲೆ ಮರಳನ್ನು ಒಡೆದು ತೆಗೆಯುತ್ತಾರೆ. ಈ ಜನಕ್ಕೆ ಟೊಳ್ಳೆಂದರೆ ಕೈಯಾರೆ ಮಾಡುವ ವಸ್ತು. ಆ ಅಕ್ಕತಂಗಿಯರೂ ಅದೇ ಕೆಲಸದಲ್ಲಿ ಮುದುಕಿಯರಾದವರು.

"ಒಳಗಿಂದು ಒಡದು ತಗದ್ರ ಆತಲ್ರೀ," ಎಂದಿತು ಹಿಂದಿನಿಂದ ಒಂದು ದನಿ.

"ಒಡೆಯಲಾಗದು. ಇದು ಕಲ್ಲಿಗಿಂತ ಗಟ್ಟಿ, ತಾನಾಗಿಯೇ ಸಡಿಲಾಗಬೇಕು," ಎಂದರು ವಾರಿಜಾ ಸೋತ ದನಿಯಲ್ಲಿ. "ಅರ್ಧಕ್ಕೆ ನಿಂತ ಮರಳು ತನ್ನ ಆಕಾರವನ್ನು ಮರೆಯಲು ನಲವತ್ತು ದಿನ ಬೇಕು."

"ಅಲ್ಲೀತನಕ ಅಕಿ ಮುಂದ ಬಯಲಾಗ ಇರಬೇಕೇನ್ರೀ ನಾನು?" ಎಂದಳು ನೀಲಗಂಗವ್ವ.

ಹಳೆಯ ವಸತಿಯನ್ನು ಕೆಡವಿಯಾಗಿತ್ತು. ನೆರೆಯವರು ಕರೆದರೂ ಇಬ್ಬರೂ ಹೋಗಲಿಲ್ಲ. ಒಬ್ಬಳು ಕದಲಿದರೆ ಇನ್ನೊಬ್ಬಳು ಜಾಗ ಹಿಡಿದಾಳೆಂಬ ಅಂಜಿಕೆ. ಹೀಗೆ, ಕೋಣೆಗಳಾಗಬೇಕಿದ್ದ ಎರಡು ಕಪ್ಪು ಕಟ್ಟೆಗಳ ಮೇಲೆ ಎರಡು ತಾಡಪತ್ರಿ ಡೇರೆಗಳು ಎದ್ದವು. ನಡುವೆ, ಗೋಡೆ ಇರಬೇಕಿದ್ದಲ್ಲಿ, ಎರಡು ಅಡಿಯ ಓಣಿ.

ಮರಳು ಹಗಲಿಡೀ ಬಿಸಿಲು ಕುಡಿದು ಸಂಜೆಗೆ ಬೆಚ್ಚಗೆ ಉಸಿರಾಡುತ್ತಿತ್ತು. ಅಕ್ಕ ಕೆಮ್ಮಿದರೆ ತಂಗಿಗೆ ಕೇಳುತ್ತಿತ್ತು. ಕೆಮ್ಮದಿದ್ದರೆ ಅದೂ ಕೇಳುತ್ತಿತ್ತು. ಆಗ ನೀಲಗಂಗವ್ವ ಎದ್ದು ಕೂತು ಆಲಿಸುತ್ತಿದ್ದಳು. ನೀರಿಗೆ ಹೋಗಲು ಇಬ್ಬರಿಗೂ ಅದೊಂದೇ ಓಣಿ. ಎದುರಾದರೆ ಒಬ್ಬಳು ಹಿಂದೆ ಸರಿಯಬೇಕು. ಇಪ್ಪತ್ತಾರನೆಯ ದಿನ ಯಾರೂ ಸರಿಯಲಿಲ್ಲ. ಕೊಡ ಹೊತ್ತ ಇಬ್ಬರು ಮುದುಕಿಯರು ಗೋಡೆಯ ಜಾಗದಲ್ಲಿ ಎದುರುಬದುರು ಬಹಳ ಹೊತ್ತು ನಿಂತರು. ಆಮೇಲೆ ಗುರುಸಿದ್ಧವ್ವ ಅಡ್ಡಕ್ಕೆ ತಿರುಗಿದಳು. ನೀಲಗಂಗವ್ವಳೂ ತಿರುಗಿದಳು. ಸೀರೆಗೆ ಸೀರೆ ಉಜ್ಜಿ ದಾಟಿದರು. ಮಾತಾಡಲಿಲ್ಲ.

ನಲವತ್ತನೆಯ ದಿನ ನಸುಕಿನಲ್ಲಿ ಯಂತ್ರದ ಗಾಡಿ ಬಂದು ನಿಂತಿತು. ಕಟ್ಟೆಗಳ ಅಂಚು ಆಗಲೇ ಹುಡಿಯಾಗಿ ಉದುರುತ್ತಿತ್ತು. ವಾರಿಜಾ ಮತ್ತು ಮೌನೇಶ ಇಳಿಯುತ್ತಿದ್ದಾಗ, ಒಂದು ಡೇರೆಯಿಂದ ಒಣಗಿದ ಕೈಯೊಂದು ಓಣಿ ದಾಟಿ ಚಾಚಿ, ಇನ್ನೊಂದು ಡೇರೆಯೊಳಗೆ ಮಲಗಿದ್ದವಳ ಭುಜ ಅಲುಗಿಸಿತು.

"ಏಳ ನೀಲಾ. ಗೋಡಿ ಎಬ್ಬಸಾಕ ಬಂದಾರ," ಎಂದಳು ಗುರುಸಿದ್ಧವ್ವ. ಭುಜದ ಮೇಲಿನ ಕೈ ತೆಗೆಯದೆ, "ಆಮ್ಯಾಲೆ ಎಬ್ಬಸಲಿಲ್ಲ ಅನಬ್ಯಾಡ," ಎಂದಳು.

ನೀಲಗಂಗವ್ವ ಕಣ್ಣು ಬಿಟ್ಟಳು. ಆ ಕೈಯನ್ನು ಮುಟ್ಟಿ ನೋಡಿದಳು. ಬೆಚ್ಚಗಿತ್ತು.

ಹೊತ್ತೇರುವಷ್ಟರಲ್ಲಿ ಕಟ್ಟೆಗಳು ಕುಸಿದು ಮತ್ತೆ ಬರೀ ಮರಳಾದವು. ನಕ್ಷೆ ಬೆಳಗಿತು. ಮೌನೇಶ ಲೇಖನಿ ಎತ್ತಿಕೊಳ್ಳುತ್ತಿದ್ದಂತೆ ನೀಲಗಂಗವ್ವ ಕೈ ಚಾಚಿದಳು. "ಕೊಡ್ರಿ ಕಾಕಾ ಇಲ್ಲಿ. ನೀವು ಮತ್ತ ಒಳಗಿಂದನ್ನ ಮುಟ್ಟೀರಿ."

ಅವಳು ಸುತ್ತಲಿನ ಗೋಡೆಗಳ ವಲಯಗಳನ್ನು ಒಂದೊಂದಾಗಿ ಮುಟ್ಟಿದಳು. ಲೇಖನಿ ಹಿಂದಿರುಗಿಸಿದಳು.

"ನಡುವಿನದು ಉಳಿಯಿತಲ್ಲ?" ಎಂದರು ವಾರಿಜಾ.

"ಅದು ನಾವು ನಡದಾಡೂ ಜಾಗರೀ," ಎಂದಳು ನೀಲಗಂಗವ್ವ.

ಮರಳು ಏಳತೊಡಗಿತು. ಸುತ್ತಲೂ ಗೋಡೆಗಳು ಎದೆಯೆತ್ತರ ದಾಟಿ ತಲೆಯೆತ್ತರ ಮುಟ್ಟುವಾಗ ಒಳಗೆಲ್ಲೋ ಗುರುಸಿದ್ಧವ್ವ ಕೆಮ್ಮಿದಳು. ಆ ಸದ್ದು ಎಲ್ಲಿಯೂ ತಡೆಯಿಲ್ಲದೆ ಮನೆಯ ಉದ್ದಕ್ಕೂ ಹೋಗಿ ಬಂತು.